ಪ ಮ ಗ ರಿ ಹುಶ್

"ಪ ಮ ಗ ರಿ, ಆಮೇಲೆ ಹುಶ್. ಎಲ್ಲಿ, ಇನ್ನೊಂದು ಸಲ," ಎಂದು ಶ್ಯಾಮಣ್ಣ ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿದರು.

ಹುಡುಗಿಯರು ಕೈಯಲ್ಲಿದ್ದ ಕಾಗದ ನೋಡಿಕೊಂಡು ಹಾಡಿದರು.

ತಿರುಗು ರಾಗಿಕಲ್ಲೆ ಮೆಲ್ಲಾಕೆ ತಿರುಗೆ,
ಅಣ್ಣ ಬರುವ ಹೆಜ್ಜೆ ಕೇಳ್ಬೇಕು ನಂಗೆ.

ಮೊದಲ ಸಾಲು ಮುಗಿದ ಕೂಡಲೇ ಎಲ್ಲರೂ ಒಂದೇ ದನಿಯಲ್ಲಿ 'ಹುಶ್' ಎಂದರು. ದೇವೀರಿ ಒಬ್ಬಳು ಅನ್ನಲಿಲ್ಲ. ಅನ್ನಹೋದರೆ ಅವಳಿಗೆ ನಗು ಉಕ್ಕುತ್ತಿತ್ತು.

ಮೇಷ್ಟ್ರು ತಿದಿ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದರು. "ಯಾಕಮ್ಮ, ನಿನ್ನ ಕಾಗದದಲ್ಲಿ ಹುಶ್ ಇಲ್ವೆ?"

"ಐತೆ ಸಾ. ಆದ್ರೆ ಅದು ಆಡಲ್ಲ ಸಾ. ನಮ್ಮಜ್ಜಿ ಕೋಳಿಗೆ ಅಂದಿದ್ದು."

ಅವಳು ಹೇಳಿದ್ದು ನಿಜ.

ಹಳ್ಳಿಯ ಹಾಡುಗಳೆಲ್ಲ ಅಳಿದುಹೋಗುತ್ತಿವೆ, ಸ್ವರ ಹಾಕಿ ಬರೆದಿಟ್ಟು ಅವನ್ನು ಉಳಿಸಬೇಕು ಎಂದು ಸ್ಕೂಲ್ ಇನ್‌ಸ್ಪೆಕ್ಟರು ಮಂಡ್ಯದಲ್ಲಿ ದೊಡ್ಡ ಭಾಷಣ ಮಾಡಿದ್ದರು. ಮುಂದಿನ ವಾರ ಅವರು ಮದ್ದೂರಿನ ಹುಡುಗಿಯರ ಸ್ಕೂಲಿಗೆ ಬರುವವರಿದ್ದರು. ಅಳಿದುಹೋಗುತ್ತಿರುವ ಹಾಡಿಗಾಗಿ ಮೇಷ್ಟ್ರು ದೂರ ಹೋಗಬೇಕಾಗಲಿಲ್ಲ. ದೇವೀರಿಯ ಅಜ್ಜಿ ಚಿಕ್ಕಬೋರಮ್ಮ ರಾಗಿ ಬೀಸುತ್ತ ಹಾಡುವುದು ದಿನಾ ಸ್ಕೂಲಿನ ಜಗಲಿಯವರೆಗೂ ಕೇಳುತ್ತಿತ್ತು.

ಮೇಷ್ಟ್ರು ಪೆನ್ಸಿಲ್ ಹಿಡಿದು ದೇವೀರಿಯ ಮನೆಗೆ ಹೋದರು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ಯುದ್ಧನಿಧಿಗೆ ಹಣ ಕೊಡಿ ಎಂಬ ಕರಪತ್ರಗಳ ಬೆನ್ನಿನ ಮೇಲೆ ಅಜ್ಜಿಯ ಹಾಡನ್ನು ಬರೆಯತೊಡಗಿದರು. ಅಜ್ಜಿ ಮೊದಲ ಸಾಲು ಹಾಡಿ ಮುಗಿಸಿದಳು. ಅಷ್ಟರಲ್ಲಿ ಮನೆಯ ಹ್ಯಾಟೆ ಕೋಳಿ ಹಿಟ್ಟಿಗೆ ಬಾಯಿ ಹಾಕಲು ಬಂತು. ಅಜ್ಜಿ "ಉಶ್" ಎಂದಳು. ಮೇಷ್ಟರ ಕಣ್ಣು ಕಾಗದದ ಮೇಲಿತ್ತು. ಕೋಳಿ ಅವರಿಗೆ ಕಾಣಲಿಲ್ಲ. ಬರೆದುಕೊಂಡರು.

ತಪ್ಪಾಗಬಾರದೆಂದು ಇನ್ನೊಮ್ಮೆ ಹಾಡಿಸಿದರು. ಹಿಟ್ಟಿನ ರುಚಿ ಕಂಡಿದ್ದ ಹ್ಯಾಟೆ ಸರಿಯಾಗಿ ಅದೇ ಜಾಗಕ್ಕೆ ಮತ್ತೆ ಬಂತು. ಎರಡು ಸಲವೂ ಉಶ್ ಬಂದಮೇಲೆ ಇದು ಹಾಡಿನದೇ ಎಂದು ಮೇಷ್ಟರಿಗೆ ಖಾತ್ರಿಯಾಯಿತು. 'ಉಶ್' ಎನ್ನುವುದು ಅಶುದ್ಧವೆಂದು ಅದಕ್ಕೊಂದು ಹ ಸೇರಿಸಿ ಶುದ್ಧವನ್ನೂ ಮಾಡಿದರು.

ಈಗ ದೇವೀರಿಯ ಮಾತು ಕೇಳಿ ಅವರಿಗೆ ಸಿಟ್ಟು ಬರಲಿಲ್ಲ. ಅಯ್ಯೋ ಪಾಪ ಎನ್ನಿಸಿತು.

"ನೋಡಮ್ಮ, ಬಾಯಿಂದ ಬಾಯಿಗೆ ಬಂದದ್ದು ಕೆಟ್ಟುಹೋಗುತ್ತೆ. ಬರೆದದ್ದು ಕೆಡೋದಿಲ್ಲ. ನೀನು ಬರೀ ಕಿವಿಯಲ್ಲಿ ಕಲಿತೋಳು, ಅದಕ್ಕೇ ನಿನಗೆ ಹುಶ್ ತಪ್ಪಿದೆ," ಎಂದು ಸಮಾಧಾನವಾಗಿಯೇ ಹೇಳಿದರು. ಆಮೇಲೆ ಒಂದು ಉಪಾಯ ಹುಡುಕಿದರು. ಇನ್‌ಸ್ಪೆಕ್ಟರು ಬಂದ ದಿನ ದೇವೀರಿ ಸಾಲಿನಲ್ಲಿ ನಿಲ್ಲಬಹುದು, ಆದರೆ ದನಿ ತೆಗೆಯಕೂಡದು. ಬಾಯಿ ಮಾತ್ರ ಆಡಿಸಬೇಕು.

ಹೀಗೆ, ಆ ಸ್ಕೂಲಿನಲ್ಲಿ ಹಾಡು ಗೊತ್ತಿದ್ದ ಒಬ್ಬಳೇ ಹುಡುಗಿಗೆ ಹಾಡದೆ ಇರುವ ಕೆಲಸ ಸಿಕ್ಕಿತು.

ದೇವೀರಿ ಮನೆಗೆ ಬಂದು ಅಜ್ಜಿಯ ಮುಂದೆ ಅತ್ತಳು. ನೀನೇ ಬಂದು ಮೇಷ್ಟರಿಗೆ ಹೇಳು ಎಂದು ಕಾಡಿದಳು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಮ್ಮ ಹ್ಯಾಟೆಗೆ ಮರ್ಯಾದೆ ಕೊಟ್ಟರೆ ಬೇಡ ಅನ್ನುವುದಕ್ಕೆ ನಾನು ಯಾರು ಎಂದಳು.

ಇನ್‌ಸ್ಪೆಕ್ಟರು ಬಂದರು. ಕೋಟು, ಜರಿಪೇಟ, ಕೊರಳಲ್ಲಿ ಸೇವಂತಿಗೆ ಹಾರ. ಅಜ್ಜಿ ಬಾಗಿಲ ಹೊರಗೆ ಉಳಿದ ಹುಡುಗಿಯರ ತಾಯಂದಿರ ಜೊತೆ ಕೂತಿದ್ದಳು. ಹುಡುಗಿಯರು ಹಾಡಿದರು, ದೇವೀರಿ ಬಾಯಿ ಆಡಿಸಿದಳು. 'ಹುಶ್' ಬಂದಾಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಕೈಯನ್ನೂ ಬೀಸಿದಳು. ಬಾಗಿಲ ಹೊರಗೆ ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹಾಡು ಮುಗಿಯಿತು. ಇನ್‌ಸ್ಪೆಕ್ಟರು ತಲೆದೂಗಿದರು. "ಹುಶ್ ಅನ್ನೋದು ಅದ್ಭುತವಾಗಿದೆ. ಅದರ ಅರ್ಥವೇನು, ಮೇಷ್ಟ್ರೇ?"

ಅರ್ಥವನ್ನು ಮೇಷ್ಟ್ರು ಬರೆದುಕೊಂಡಿರಲಿಲ್ಲ. ಈ ಹಾಡು ಈ ಹುಡುಗಿಯ ಮನೆಯದು, ಅವಳೇ ಹೇಳುತ್ತಾಳೆ ಎಂದು ದೇವೀರಿಯನ್ನು ಮುಂದಕ್ಕೆ ಕರೆದರು.

ದೇವೀರಿಯ ನಾಲಿಗೆ ತುದಿಯಲ್ಲೇ ಕೋಳಿ ಕೂತಿತ್ತು. ಈಗ ಒಂದು ಮಾತು ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು. ಅವಳು ಮೇಷ್ಟರ ಕಡೆ ನೋಡಿದಳು. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹಾರ್ಮೋನಿಯಂ ಮೇಲಿದ್ದ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಲೆಕ್ಕ ಬಾರದಾಗ ತಾನೂ ಸ್ಲೇಟನ್ನು ಹೀಗೇ ತಿರುವಿ ನೋಡುವುದು ಅವಳಿಗೆ ಗೊತ್ತಿತ್ತು.

"ನಮ್ಮಜ್ಜಿ ರಾಗಿ ಬೀಸ್ವಾಗ ಅಂಗಂತಳೆ ಸಾ," ಎಂದಳು.

ಅದು ಸುಳ್ಳೇನೂ ಅಲ್ಲ.

ಇನ್‌ಸ್ಪೆಕ್ಟರಿಗೆ ಬಹಳ ಸಂತೋಷವಾಯಿತು. ಇದು ರಾಗಿಕಲ್ಲಿನ ಉಸಿರೇ ಹಾಡಾಗಿ ಬಂದದ್ದು ಎಂದು ಅವರೇ ಒಂದು ಅರ್ಥ ಹೊಂದಿಸಿದರು. ಮಂಡ್ಯ, ಮಳವಳ್ಳಿ ಸ್ಕೂಲುಗಳಲ್ಲೂ ಇದನ್ನು ಹುಶ್ ಸಮೇತ ಕಲಿಸಬೇಕೆಂದು ಅಲ್ಲೇ ಅಪ್ಪಣೆಯಾಯಿತು. ಚಪ್ಪಾಳೆ ಬಿತ್ತು. ಮೇಷ್ಟ್ರು ದೇವೀರಿಯ ತಲೆ ಸವರಿದರು.

ಸಂಜೆ ದೇವೀರಿ ಅಜ್ಜಿಯ ಎದುರು ಕೂತು ರಾಗಿಕಲ್ಲಿನ ಗೂಟಕ್ಕೆ ತಾನೂ ಕೈ ಹಚ್ಚಿದಳು. ಕೋಳಿಯ ಮಾತು ಹಾಗಿರಲಿ, 'ಅಣ್ಣ ಬರುವ' ಎಂದ ಮೇಲೆ ಒಂದು ಗಳಿಗೆ ನಿಲ್ಲಬೇಕಲ್ಲ, ಅದನ್ನೂ ಮೇಷ್ಟ್ರು ತಾಳಕ್ಕೆ ಸೇರುವುದಿಲ್ಲವೆಂದು ತೆಗೆದುಹಾಕಿದ್ದಾರೆ ಎಂದು ದೂರಿದಳು. ತನಗೊಬ್ಬಳಿಗೇ ಹಾಡು ಸರಿಯಾಗಿ ಬರುವುದು ಎಂದೂ ಸೇರಿಸಿದಳು.

ಅಜ್ಜಿ ಕಲ್ಲು ನಿಲ್ಲಿಸಿದಳು.

"ನಮ್ಮವ್ವ ಅಲ್ಲಿ ನಿಲ್ತಿರ್ನಿಲ್ಲ ಕಣವ್ವ. ನಂಗೆ ಗೂರಲು ಅಂಟ್ಕತಲ್ಲ, ಒಂದೇ ದಮ್ಗೆ ಆಡಕ್ಕಾಯ್ತಿರ್ನಿಲ್ಲ. ಉಸ್ರು ಎಳ್ಕಳಕ್ಕೆ ಅಲ್ಲಿ ನಿಂತ್ಕತಿದ್ದೆ. ನೀನೂ ಅಂಗೇ ಕಲ್ತ್‌ಬುಟ್ಟೆ."

ಹಾಗಾದರೆ ನಿಲ್ಲದೆ ಹಾಡಬೇಕೋ ಎಂದು ದೇವೀರಿ ಮೆಲ್ಲಗೆ ಕೇಳಿದಳು. ಅಜ್ಜಿ ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕಿ, ನಿನಗೆ ಹೇಗೆ ಬರುತ್ತದೋ ಹಾಗೆ ಎಂದಳು.

ಕಲ್ಲು ತಿರುಗಿತು. ಅಜ್ಜಿಯ ಜೊತೆ ದೇವೀರಿ ಹಾಡಿದಳು. 'ಅಣ್ಣ ಬರುವ' ಎಂದ ಮೇಲೆ ಅಜ್ಜಿಯ ಎದೆ ಮೇಲೆದ್ದು ಇಳಿಯುವುದನ್ನು ಮೊದಲ ಸಲ ನೋಡಿದಳು.

ದೇವೀರಿಯ ಎದೆಯಲ್ಲಿ ಬೇಕಾದಷ್ಟು ಉಸಿರಿತ್ತು. ಆದರೂ ಅಲ್ಲಿ ನಿಂತಳು.