ಖಾಲಿ ಜಾಗದ ನಲವತ್ತೊಂದು ಮನೆಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಭೂದಾಖಲೆ ಕಚೇರಿಯ ಮುಖ್ಯಸ್ಥರು ಬೆವರೊರೆಸಿಕೊಳ್ಳುತ್ತಾ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಸರಕಾರ ರಾಷ್ಟ್ರೀಯ ಭೂಬಳಕೆ ನೀತಿಯ ಮರುಪರಿಶೀಲನೆಗೆ ಕೈಹಾಕಿತ್ತು. ಹಿಂದೆ ಕೈಗಾರಿಕೆಗೆಂದು ಒಕ್ಕಲೆಬ್ಬಿಸಲಾದವರಿಗೆ ಬದಲಿ ನಿವೇಶನ ಸಿಗುವುದಿತ್ತು. ಅರ್ಜಿದಾರರನ್ನು ಎದುರು ಕೂರಿಸಿ ವಿಚಾರಿಸಲು ಒಂದು ಸಮಿತಿಯಿತ್ತು; ಹಳೆಯ ಅಳತೆ ಪುಸ್ತಕಗಳೇ ಅದಕ್ಕೆ ಆಧಾರ. ಅವುಗಳಲ್ಲೊಂದನ್ನು ಯಾರೋ ತಿದ್ದಿದ್ದರು. ನೂರ ಹದಿನೆಂಟನೇ ತಾಕಿನ ಪುಟದಲ್ಲಿ ‘ಖಾಲಿ ಜಾಗ’ ಎಂಬುದನ್ನು ಹೊಡೆದು, ‘ನಲವತ್ತೊಂದು ಮನೆಗಳಿವೆ’ ಎಂದು ಬರೆದಿತ್ತು.

ಇನ್ಸ್‌ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ, ಹನ್ನೆರಡಕ್ಕೆ ದಾಖಲೆ ಕೊಠಡಿಯಲ್ಲಿ ಪಂಚನಾಮೆ ಮಾಡಿ ಪುಸ್ತಕ ವಶಪಡಿಸಿಕೊಂಡರು. ಠಾಣೆಯವರೆಲ್ಲ ‘ಭೂತಗನ್ನಡಿ’ ಎಂದು ಕರೆಯುವ ಮುಖ್ಯ ಪೇದೆ ಪುಟವನ್ನು ಬೆಳಕಿಗೆ ಹಿಡಿದ. ಶಾಯಿ ಹೊಸದು, ಆದರೆ ಹದಿನಾರು ವರ್ಷದ ಹಿಂದೆ ಬರೆದ ಕೈಯೇ ಈಗಲೂ ಬರೆದಿದೆ ಎಂದ.

ಮೊದಲು ತನಗೇನೂ ಗೊತ್ತಿಲ್ಲವೆಂದ ದಾಖಲೆಪಾಲಕಿ, ಸಂದರ್ಶಕರ ಪುಸ್ತಕ ತೆರೆದೊಡನೆ ಮೆತ್ತಗಾದಳು. ಒಂಬತ್ತನೇ ತಾರೀಕು ಮಧ್ಯಾಹ್ನ ನಿವೃತ್ತ ಸರ್ವೆಯರ್ ಬಂದಿದ್ದರು. ತನಗೆ ಕೆಲಸ ಕಲಿಸಿದ ಹಿರಿಯರೆಂದು ಒಬ್ಬರನ್ನೇ ಕೂರಲು ಬಿಟ್ಟಿದ್ದಳು.

ಸಂಜೆ ನಾಲ್ಕಕ್ಕೆ ಅವರ ಬಾಡಿಗೆ ಕೋಣೆಯ ಕದ ತಟ್ಟಿದಾಗ, ಸರ್ವೆಯರ್ ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು.

“ಇದು ನಿಮ್ಮ ಅಕ್ಷರಾನಾ?”

“ಎರಡೂ ನಂದೇ ಮೇಡಂ.”

“ಯಾವುದು ನಿಜ?”

“ಮನೆ ಇದ್ದಿದ್ದು ನಿಜ. ನನ್ನ ತಂಗಿ ಮನೇನೂ ಅಲ್ಲೇ ಇತ್ತು. ಮೇಲಿನೋರು ಖಾಲಿ ಅಂತ ಬರಿ ಅಂದ್ರು. ಅವಳ ಜಗಲಿ ಮೇಲೆ ಕೂತೇ ಬರೆದೆ.”

ಮನೆಗಳು ನೆಲಸಮವಾದವು. ಅಣ್ಣ ತಮಗಾಗಿ ಹೋರಾಡಿ ಸೋತನೆಂದೇ ನಂಬಿದ ತಂಗಿ, ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ಕೆಮ್ಮಿ ಕಣ್ಣು ಮುಚ್ಚಿದಳು. ಅವಳ ಮಗಳೂ ಅದನ್ನೇ ನಂಬಿ ಬೆಳೆದಳು. ನಿವೇಶನಕ್ಕೆ ಈಗ ಅವಳೇ ಅರ್ಜಿ ಹಾಕಿದ್ದಳು.

ಮೇಡಂ ಇನ್ನೊಂದು ವಿಷಯ ಹೇಳಲೇಬೇಕಿತ್ತು. ತಿದ್ದಿದ ಪುಟವನ್ನು ಆಧಾರವಾಗಿ ಒಪ್ಪಲಾಗದೆಂದು ಸಮಿತಿ ಅಂದು ಮಧ್ಯಾಹ್ನವೇ ಆ ತಾಕನ್ನು ವಿಚಾರಣೆಯ ಪಟ್ಟಿಯಿಂದ ಕೈಬಿಟ್ಟಿತ್ತು. ನಲವತ್ತೊಂದು ಮನೆಯವರಿಗೂ ಇನ್ನು ಏನೂ ಇಲ್ಲ.

“ಯಾರಿಗೂ ಇಲ್ವಾ?” ಎಂದರು ಮುದುಕರು.

“ಪುಸ್ತಕ ಮುಟ್ಟದೆ ಸಮಿತಿ ಎದುರು ಬಂದು ಇಷ್ಟನ್ನೇ ಹೇಳಿದ್ರೆ ಸಾಕಿತ್ತಲ್ಲ?”

“ತಂಗಿ ಮಗಳೂ ಅಲ್ಲಿ ಇರ್ತಿದ್ಲು. ಅವಳೆದುರು ನಾಲಿಗೆ ಏಳ್ತಿರಲಿಲ್ಲ.”

ಐದು ಇಪ್ಪತ್ತಕ್ಕೆ ಬಂಧಿಸಲಾಯಿತು. ಬಂಧನದ ಸುದ್ದಿಯನ್ನು ಮನೆಯವರೊಬ್ಬರಿಗೆ, ಕಾರಣ ಸಮೇತ, ತಿಳಿಸುವುದು ನಿಯಮ. ತಮಗಿರುವುದು ಸೊಸೆಯೊಬ್ಬಳೇ ಎಂದು ಸರ್ವೆಯರ್ ತಂಗಿಯ ಮಗಳ ನಂಬರು ಕೊಟ್ಟರು.

ಮೇಡಂ ತಾವೇ ಫೋನ್ ಮಾಡಿದರು.

“ಏನೋ ತಪ್ಪಾಗಿರಬೇಕು ಮೇಡಂ,” ಎಂದಿತು ಆ ಕಡೆಯ ದನಿ. “ನಮ್ಮ ಮನೆ ಉಳಿಸೋಕೆ ಓಡಾಡಿದ್ದು ಮಾವ ಒಬ್ಬರೇ.”

ಮೇಡಂ ಇದ್ದದ್ದನ್ನು ಇದ್ದಹಾಗೇ ಹೇಳಿದರು. ಆ ಕಡೆಯಿಂದ ಕರೆ ಕಡಿದುಹೋಯಿತು. ಅವರು ಪ್ರಕರಣದ ದಿನಚರಿ ತೆರೆದು, ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಬರೆದರು: ಸೊಸೆಯ ಕಣ್ಣಲ್ಲಿ ಸಣ್ಣವನಾಗುವ ಭಯ.