ಬೇಗಮ್ ನುಂಗಿದ್ದು

ಟಕ್, ಟಕ್, ಟಕ್.

ಹಿತ್ತಲ ಬಾಗಿಲು ಮೂರು ಸಲ ಸದ್ದಾಯಿತು. ರಾತ್ರಿಯ ಊಟಕ್ಕೆ ಕುಳಿತಿದ್ದ ಸನಾ ಎದ್ದು ಓಡಿದಳು. ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೊಂದು ಹಳೆಯ ಬುಟ್ಟಿ. ಅದರೊಳಗೆ ಅವರ ಕೆಂಪು ಕೋಳಿ ಬೇಗಮ್, ಕೊಕ್ಕು ತೆರೆದು, ಕಣ್ಣು ಅರೆಮುಚ್ಚಿ ಬಿದ್ದಿತ್ತು.

ಕತ್ತಲಲ್ಲಿ ಚಪ್ಪಲಿಯ ಪಟಪಟ ಸದ್ದು ದೂರವಾಯಿತು.

"ಅದು ಪಕ್ಕದ್ಮನೆ ಶಾಕಿರ್," ಎಂದರು ಸನಾಳ ಅಜ್ಜಿ, ದಾದಿ ಬಿಸ್ಮಿಲ್ಲಾ ಬಿ. "ಯಾವಾಗ್ಲೂ ಕೋಳಿ ಅಟ್ಟಿಸ್ಕೊಂಡು ಹೋಗೋನು ಅವನೇ. ಎಂತದೋ ತಿನ್ಸಿದಾನೆ ನೋಡು."

ದಾದಿ ಕೋಳಿಯ ಕುತ್ತಿಗೆಯ ಬುಡ ಮುಟ್ಟಿದರು. ತಿಂದ ಕಾಳು ಮೊದಲು ಬಂದು ನಿಲ್ಲುವ ಚೀಲ ಇರುವುದು ಅಲ್ಲಿ. ಅದು ಕಲ್ಲಿನಂತಾಗಿತ್ತು. ಹನಿ ಹನಿಯಾಗಿ ಕೊಬ್ಬರಿ ಎಣ್ಣೆ ಕುಡಿಸಿ, ಬೆರಳಿನಿಂದ ಮೆಲ್ಲಗೆ ನೀವಿದರು. ಗಂಟು ಕರಗಲಿಲ್ಲ.

"ದಾದಿ, ಸಾಯ್ತದಾ?"

"ಬೆಳಿಗ್ಗೆವರೆಗೆ ಜೀವ ಇದ್ರೆ ಆಸ್ಪತ್ರೆಗೆ ಒಯ್ಯುವಾ."

ಬೆಳಿಗ್ಗೆ ಜೀವ ಇತ್ತು. ಬುಟ್ಟಿ ಹಿಡಿದು ಹೊರಟಾಗ ಶಾಕಿರ್ ಅವನ ಮನೆಯ ಗೇಟಿನ ಬಳಿ ನಿಂತಿದ್ದ.

"ನಮ್ಮ ಬೇಗಮ್‌ಗೆ ಎಂತ ತಿನ್ಸಿದ್ಯೋ?" ಎಂದಳು ಸನಾ.

"ತಿನ್ಸಿದ್ರೆ ನಿಮ್ಮನೆಗೇ ತಂದು ಇಡ್ತಿದ್ನಾ? ನಮ್ಮ ಪಪ್ಪಾಯಿ ಗಿಡದ ಬುಡದಲ್ಲಿ ಬಿದ್ದಿತ್ತು."

"ಮತ್ತೆ ಓಡಿದ್ಯಾಕೆ?"

"ನಿಮ್ಮ ದಾದಿ ಬಾಯಿಗೆ ಹೆದ್ರಿ."

"ಸುಳ್ಳ."

ಶಾಕಿರನ ಮುಖ ಸಣ್ಣದಾಯಿತು.

ಯಲ್ಲಾಪುರದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ರಕ್ಷಿತಾ ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು, ಆ ಚೀಲವನ್ನು ಸ್ವಲ್ಪವೇ ಕೊಯ್ದರು. ಚಿಮಟದಿಂದ ಎಳೆದರು. ಎಳೆದಷ್ಟೂ ಬಂತು: ಹುಲ್ಲಿನ ಜೊತೆ ಸುತ್ತಿಕೊಂಡ ನೀಲಿ ನೈಲಾನ್ ದಾರ.

ದಾದಿ ಕನ್ನಡಕ ಏರಿಸಿಕೊಂಡರು. "ಇದು ನನ್ನ ಮಗ ಹಯಾತ್‌ದು ಅಲ್ವಾ? ಭಾನುವಾರ ಅಂಗಳದಲ್ಲಿ ಲಾರಿಯ ತಾಡಪತ್ರಿ ಹೊಲಿದಿದ್ದ. ಹುಳ ಅಂದ್ಕೊಂಡು ಕೋಳಿ ನುಂಗ್ತಾವೆ ಅಂತ ತುಂಡೆಲ್ಲ ಸನಾ ಹತ್ರ ಆರಿಸಿ ಡಬ್ಬಿಗೆ ಹಾಕ್ಸಿ ಆಗಿತ್ತಲ್ಲ! ಆ ಹುಡುಗನೇ ಕದ್ದಿರ್ಬೇಕು."

ಸನಾ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೊಲಿಗೆ ಹಾಕಿದೀನಿ," ಎಂದರು ಡಾಕ್ಟರ್. "ನಾಳೆ ತಾನಾಗೇ ನೀರು ಕುಡಿದ್ರೆ ಬದುಕ್ತದೆ."

ಮನೆಗೆ ಬಂದವಳೇ ಸನಾ ನೆಟ್ಟಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋದಳು. ಹುಡುಕಬೇಕಾಗಲಿಲ್ಲ. ಭಾನುವಾರ ಆಟಕ್ಕೆ ಓಡುವ ಅವಸರದಲ್ಲಿ ತಾನೇ ಕಾಲಿನಿಂದ ತಳ್ಳಿದ್ದ ನೀಲಿ ತುಂಡುಗಳು ಅಲ್ಲೇ ಇದ್ದವು. ಸುತ್ತಲೂ ಕೋಳಿ ಕೆದರಿದ ಗುರುತು. ಡಬ್ಬಿಯನ್ನು ಅಲ್ಲಾಡಿಸಿದಳು. ಅದು ಖಾಲಿ. ಅವಳು ಒಂದೊಂದೇ ತುಂಡು ಆರಿಸಿ ಅದರೊಳಗೆ ಹಾಕಿದಳು.

ಆ ರಾತ್ರಿ ಬುಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಬೇಗಮ್ ಉಸಿರಾಡಿದಾಗೆಲ್ಲ ಎದೆಯ ಗರಿ ಏರಿ ಇಳಿಯುತ್ತಿತ್ತು. ಸನಾ ಅದನ್ನೇ ನೋಡುತ್ತಾ ಮಲಗಿದಳು.

ಬೆಳಕು ಹರಿಯಿತು. ಬೇಗಮ್ ಕತ್ತು ಎತ್ತಿತು. ಬಟ್ಟಲಿಗೆ ಕೊಕ್ಕು ಅದ್ದಿ, ತಲೆ ಮೇಲೆತ್ತಿ, ನೀರು ನುಂಗಿತು.

ಸನಾ ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಶಾಕಿರ್ ಬಂದ.

"ಬೇಗಮ್ ನೀರು ಕುಡೀತು."

ಅವನು ನಕ್ಕ. ಮರುಗಳಿಗೆ ನಗು ಆರಿತು. "ಆ ದಾರ ಬಿಟ್ಟಿದ್ದು ಯಾರು ಅಂತ ಗೊತ್ತಾಯ್ತಾ? ನಿಮ್ಮ ದಾದಿ ಓಣಿಗೆಲ್ಲ ನನ್ನ ಹೆಸ್ರೇ ಹೇಳಿದಾರೆ."

ಬೇಲಿಯ ಆಚೆ ದಾದಿ ಬಟ್ಟೆ ಹರವುತ್ತಿದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಅವಳು ಹೇಳಿದಳು:

"ಸನಾ."