ವಾಸನೆ ಹೋದ ಗುಂಡಿ

"ನಮ್ಮ ಯಜಮಾನ್ರು ಸಂಜೆ ಐದಕ್ಕೆ ಠಾಣೇಲಿ ಸಹಿ ಹಾಕ್ತಾರಂತೆ ಮೇಷ್ಟ್ರೇ. ಒಡಹುಟ್ಟಿದ ತಮ್ಮನ್ನ ನಾನೇ ಕೊಂದೆ ಅಂತ ಬರೆದುಕೊಟ್ಟುಬಿಡ್ತಾರಂತೆ!"

ಹೀಗೆಂದು ನನ್ನ ಅಂಗಡಿ ಬಾಗಿಲಲ್ಲೇ ಕುಸಿದವಳು ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರನೊಬ್ಬನ ಹೆಂಡತಿ. ನಾನು ಆ ಬೀದಿಯ ದರ್ಜಿ. ನನ್ನ ಮಹಡಿಯಲ್ಲಿ ಬಾಡಿಗೆಗಿದ್ದವರು ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು. ಬೀದಿಯಲ್ಲಿ ಏನೇ ಕಳೆದರೂ, ಯಾರೇ ಸತ್ತರೂ ಜನ ನನ್ನ ಅಂಗಡಿ ತುಳಿದುಕೊಂಡೇ ಅವರ ಹತ್ತಿರ ಬರುತ್ತಿದ್ದರು. ನನ್ನ ಕೆಲಸ ಕೆಡುತ್ತದೆಂದು ನಾನು ಗೊಣಗುವುದಿತ್ತು. ಆ ದಿನ ಮಾತ್ರ ಅವಳಿಗೆ ಸ್ಟೂಲು ಎಳೆದುಕೊಟ್ಟೆ.

ಅಂದು ಬುಧವಾರ. ಕಾರ್ಖಾನೆಯ ಸೂಪರ್‌ವೈಸರ್ ಹಿಂದಿನ ದಿನ ತಂದುಕೊಟ್ಟ ಪ್ಯಾಂಟಿನ ಜೊತೆ ನಾನು ಹೆಣಗುತ್ತಿದ್ದೆ. ಭಾನುವಾರ ಸಂಜೆಯಷ್ಟೇ ಹೊಲಿದುಕೊಟ್ಟ ಹೊಸ ಹತ್ತಿಯ ಪ್ಯಾಂಟು; ಇಲಿ ಕಡಿದಿದೆ, ರಫು ಮಾಡು ಎಂದಿದ್ದ. ಸೂಜಿ ಚುಚ್ಚಿದಲ್ಲೆಲ್ಲ ಬಟ್ಟೆ ಪುಡಿಯಾಗುತ್ತಿತ್ತು. ಬಟ್ಟೆ ಅಂಗಡಿಯವನಿಗೆ ಮನಸಾರೆ ಶಾಪ ಹಾಕುತ್ತಿದ್ದೆ.

"ಮೊದಲಿಂದ ಹೇಳು ತಾಯಿ," ಎಂದರು ಅಂಗಡಿಯಲ್ಲೇ ಕೂತಿದ್ದ ಮೇಷ್ಟ್ರು.

"ತೊಗಲಿನ ಕೂದಲು ಉದುರಿಸೋಕೆ ಗುಂಡಿಯಲ್ಲಿ ಸುಣ್ಣ, ಸೋಡಿಯಂ ಸಲ್ಫೈಡ್ ಹಾಕಿರ್ತಾರಲ್ಲ, ಸೋಮವಾರ ಬೆಳಿಗ್ಗೆ ಅದರ ನೀರು ಹೊರಗೆ ಬಿಟ್ರು. ಡಬ್ಬ ಖಾಲಿ ಮಾಡೋಕೆ ಅಂತ ಉಳಿದ ಸಲ್ಫೈಡನ್ನ ಇವರೇ ತಳದ ಕೆಸರಿಗೆ ಸುರಿದ್ರು. ಊಟ ಮಾಡಿ ಬಂದಾಗ ಕೊಳೆತ ಮೊಟ್ಟೆ ವಾಸನೆ ಮೂಗಿಗೆ ಹೊಡೀತಂತೆ. ಆಮೇಲೆ ವಾಸನೆ ಪೂರ್ತಿ ಹೋಯ್ತು. 'ಹೋಯ್ತು, ಕೆಸರು ಎತ್ತೋಕೆ ಇಳಿಯೋ' ಅಂತ ತಮ್ಮಂಗೆ ಹೇಳಿದ್ರು. ಇಳಿದವನು ಮೇಲೆ ಬರ್ಲಿಲ್ಲ. ಇವರೂ ಅಂಚಲ್ಲೇ ಜ್ಞಾನ ತಪ್ಪಿ ಬಿದ್ರು."

ವಾಸನೆ ಹೋದ ಮೇಲೆ ಇಳಿಯುವುದು ಆ ಕಾರ್ಖಾನೆಯಲ್ಲಿ ಆ ಅಣ್ಣತಮ್ಮಂದಿರ ಅಪ್ಪನ ಕಾಲದಿಂದ ಬಂದ ಪದ್ಧತಿ.

"ಹಿಂದಿನ ದಿನ ಇಬ್ಬರೂ ಜಗಳ ಆಡಿದ್ರು. ಅದಕ್ಕೇ ಪೊಲೀಸರು ಬೇಕಂತಲೇ ಕೊಂದ ಅಂತಿದಾರೆ. ಅತ್ತೆ ಇವರ ಮುಖ ನೋಡ್ತಿಲ್ಲ. ಇವರು ಆಗಿನಿಂದ ಒಂದು ತುತ್ತೂ ತಿಂದಿಲ್ಲ."

ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ಹೋದರು. ಕಾವಲಿದ್ದ ಪೊಲೀಸನ ಎದುರೇ ಉದ್ದ ಕೋಲಿನಿಂದ ಕೆಸರು ತೆಗೆಸಿ, ಅದಕ್ಕೆ ನೀಲಿ ಲಿಟ್ಮಸ್ ಕಾಗದ ಮುಟ್ಟಿಸಿದರು. ಕಾಗದ ಕೆಂಪಾಯಿತು. ಪಕ್ಕದಲ್ಲೇ, ತೊಗಲು ಹದಕ್ಕೆ ಬೇಕಾದ ಆಸಿಡ್ ಇಡುವ ಬೀಗವಿಲ್ಲದ ಕೋಣೆ.

"ಅಲ್ಲಿಗೆ ಯಾರು ಬೇಕಾದ್ರೂ ಹೋಗಬಹುದು ಸಾರ್," ಎಂದ ಸೂಪರ್‌ವೈಸರ್. "ನಾನಂತೂ ಸೋಮವಾರ ಆ ಕಡೆ ತಲೆಯೂ ಹಾಕಿಲ್ಲ. ಇಡೀ ದಿನ ಆಫೀಸಲ್ಲೇ ಇದ್ದೆ."

ಅಂಗಡಿಗೆ ಮರಳಿದಾಗ ನಾನು ಪ್ಯಾಂಟನ್ನು ಬೈಯುತ್ತಾ ಎತ್ತಿಕೊಂಡೆ. ಮೇಷ್ಟ್ರು ಅದನ್ನು ಕಸಿದುಕೊಂಡು, ತೂತಿನ ಅಂಚಿಗೆ ಒದ್ದೆ ಮಾಡಿದ ಲಿಟ್ಮಸ್ ಒತ್ತಿ ನೋಡಿ, ಪ್ಯಾಂಟು, ಕೊಡೆ ಹಿಡಿದು ಹೊರಟರು; ನಾನೂ, ಅಂಗಡಿಯಲ್ಲೇ ಕಾದಿದ್ದ ಆ ಹೆಂಗಸೂ ಹಿಂದೆ ಓಡಿದೆವು.

ಠಾಣೆ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೇಜಿನ ಮೇಲೆ ಹೇಳಿಕೆ ಸಿದ್ಧವಾಗಿತ್ತು. ಅಣ್ಣನ ಕೈಯಲ್ಲಿ ಪೆನ್ನಿತ್ತು. ಮೂಲೆಯ ಬೆಂಚಿನಲ್ಲಿ ತಾಯಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಮೇಷ್ಟ್ರು ಕೇಳಿಕೊಂಡದ್ದಕ್ಕೆ ಅಧಿಕಾರಿ ಸೂಪರ್‌ವೈಸರನನ್ನೂ ಕರೆಸಿದರು.

"ಸಲ್ಫೈಡ್, ಸುಣ್ಣ ಎರಡೂ ಕ್ಷಾರ," ಎಂದರು ಮೇಷ್ಟ್ರು. "ಅವು ನೀಲಿ ಕಾಗದವನ್ನ ಕೆಂಪು ಮಾಡಲ್ಲ. ಆಸಿಡ್ ಬಿದ್ದಿದ್ದಕ್ಕೇ ಕೆಂಪಾಯ್ತು. ಸಲ್ಫೈಡಿಗೆ ಆಸಿಡ್ ಬಿದ್ದರೆ ವಿಷದ ಅನಿಲ ಏಳುತ್ತೆ, ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂರುತ್ತೆ. ಸ್ವಲ್ಪ ಇದ್ದರೆ ಮೊಟ್ಟೆ ವಾಸನೆ. ಹೆಚ್ಚಾದರೆ ಮೂಗೇ ಸತ್ತುಹೋಗುತ್ತೆ. ವಾಸನೆ ಹೋಗಿರಲಿಲ್ಲಪ್ಪ, ನಿನ್ನ ಮೂಗು ಹೋಗಿತ್ತು. ಅಣ್ಣತಮ್ಮ ಊಟಕ್ಕೆ ಹೋದಾಗ ಯಾರೋ ಆಸಿಡ್ ಸುರಿದರು."

"ಯಾರು?" ಎಂದರು ಅಧಿಕಾರಿ.

ಮೇಷ್ಟ್ರು ಮಡಚಿ ತಂದಿದ್ದ ಪ್ಯಾಂಟನ್ನು ಮೇಜಿನ ಮೇಲೆ ಹರಡಿದರು. "ಭಾನುವಾರ ಸಂಜೆ ಕೈಗೆ ಬಂದಿದ್ದು, ಮಂಗಳವಾರ ರಫುಗೆ ಹೋಗಿದೆ. ಹಾಕಿಕೊಂಡಿದ್ದು ಸೋಮವಾರ ಮಾತ್ರ. ಇಲಿ ಕಡಿದರೆ ನೂಲಿನ ತುದಿ ಎಳೆಎಳೆಯಾಗಿ ನಿಲ್ಲುತ್ತೆ. ಇದು ಮುಟ್ಟಿದರೆ ಪುಡಿ, ಲಿಟ್ಮಸ್ ಕೆಂಪು. ಮೊಣಕಾಲ ಕೆಳಗೆ ಸಿಡಿದಿರೋದು ಆಸಿಡ್. ಆಫೀಸಿನ ಕುರ್ಚಿಯಲ್ಲಿ ಆಸಿಡ್ ಸಿಡಿಯುತ್ತಾ ಸ್ವಾಮಿ?"

ಸೂಪರ್‌ವೈಸರ್ ಬೆವರು ಒರೆಸಿಕೊಂಡ. "ಮಂಗಳವಾರ ತ್ಯಾಜ್ಯದ ತಪಾಸಣೆ ಇತ್ತು. ಕೆಸರಿನ ಕ್ಷಾರ ಬೇಗ ಇಳಿಯಲಿ ಅಂತ ಎರಡು ಜಾಡಿ ಸುರಿದೆ... ಸಾಯ್ತಾರೆ ಅಂತ ಗೊತ್ತಿರ್ಲಿಲ್ಲ."

"ಸತ್ತ ಮೇಲೆ ಗೊತ್ತಿತ್ತಲ್ಲ!" ಎಂದು ಕಿರುಚಿದವನು ನಾನೇ. ದರ್ಜಿಯಾಗಿಯೂ ಆ ತೂತುಗಳು ಅರ್ಥವಾಗದ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದಿದ್ದವು.

ಅಧಿಕಾರಿ ಅವನನ್ನು ಒಳಗೆ ಕಳಿಸಿದರು. ಅಣ್ಣನ ಹೆಂಡತಿ ಮೇಷ್ಟ್ರ ಕಾಲು ಹಿಡಿದಳು. ಅಣ್ಣ ಮಾತ್ರ ಪೆನ್ನು ಬಿಡಲಿಲ್ಲ.

"ಆಸಿಡ್ ಅವನು ಸುರಿದ. ಸಲ್ಫೈಡ್ ನಾನು ಸುರಿದೆ. ಇಳಿ ಅಂದಿದ್ದೂ ನಾನೇ ಅಲ್ವಾ ಮೇಷ್ಟ್ರೇ?"

ಅವನು ಕಾಗದವನ್ನು ಹತ್ತಿರಕ್ಕೆಳೆದುಕೊಂಡ.

ಆಗ ತಾಯಿ ಬೆಂಚಿನಿಂದ ಎದ್ದು ಬಂದಳು. ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದುಕೊಂಡಳು.

"ಒಬ್ಬನ್ನ ಆ ಗುಂಡಿಗೆ ಕೊಟ್ಟಾಯ್ತು," ಎಂದಳು. "ನೀನೂ ಹೋದ್ರೆ, ಅವನು ಹೆಂಗಿದ್ದ ಅಂತ ನಾನು ಯಾರ ಹತ್ರ ಮಾತಾಡ್ಲೋ?"